ತೋಟದ ಕೆಲಸ ಬೇರೆ, ಕಸರತ್ತು ಬೇರೆ

ನಮ್ಮ ಕಡೆ ಯಾರಾದರೂ ವ್ಯಾಯಾಮ ಶುರು ಮಾಡಿದರೆ ಎದುರಾಗುವ ಮೊದಲ ಪ್ರಶ್ನೆ ಒಂದೇ. "ಯಾಕೆ, ತೋಟದಲ್ಲಿ ಕೆಲಸ ಇಲ್ವಾ?" ಅದರಲ್ಲೂ ನಲವತ್ತು ದಾಟಿದ ಹೆಂಗಸು ಜಗಲಿ ಕಟ್ಟೆಗೆ ಕೈ ಊರಿ ಮೈ ಇಳಿಸಿ ಎತ್ತುತ್ತಿದ್ದರಂತೂ ಮುಗಿಯಿತು. ಹಾಲಿಗೆ ಬಂದವರು, ಕಾಯಿ ಕೀಳಲು ಬಂದವರು, ಕರೆಂಟ್ ಬಿಲ್ ಕೊಡಲು ಬಂದವರು, ಎಲ್ಲರೂ ಒಂದು ಗಳಿಗೆ ನಿಂತು ನೋಡುತ್ತಾರೆ. ಆಮೇಲೆ ಏನೂ ನೋಡದವರ ಹಾಗೆ ಮಳೆ ವಿಷಯ ತೆಗೆಯುತ್ತಾರೆ. ಅತ್ತೆ ಮಾತ್ರ ನೇರವಾಗಿ ಕೇಳಿದರು. "ಅಷ್ಟು ಶಕ್ತಿ ಜಾಸ್ತಿ ಆಗಿದ್ರೆ ಅಂಗಳದ ದರಗು ಗುಡಿಸಬಾರದಾ?"

ಪ್ರಶ್ನೆ ನ್ಯಾಯವಾದದ್ದೇ. ಅತ್ತೆಗೆ ಎಪ್ಪತ್ತು ದಾಟಿದೆ. ಇವತ್ತಿಗೂ ಕುಕ್ಕರಗಾಲಲ್ಲಿ ಕೂತು ಹೂವಿನ ಗಿಡದ ಬುಡದ ಕಳೆ ಕೀಳುತ್ತಾರೆ. ಏಳುವಾಗ ಯಾರ ಕೈಯನ್ನೂ ಹಿಡಿಯುವುದಿಲ್ಲ. ಅವರು ಜನ್ಮದಲ್ಲಿ ಒಂದು ಬಸ್ಕಿಯನ್ನೂ ಕಸರತ್ತು ಅಂತ ಹೊಡೆದವರಲ್ಲ. ಹಾಗಾದರೆ ನನಗೆ ಯಾಕೆ ಬೇಕು ಇದೆಲ್ಲ?

ಇದರ ಬಗ್ಗೆ ಯೋಚಿಸುತ್ತಾ ಯೋಚಿಸುತ್ತಾ ನನಗೆ ಹೊಳೆದದ್ದು ಇಷ್ಟು. ಕೆಲಸ ಕಲಿತವರು ಮೈ ಉಳಿಸುತ್ತಾರೆ. ಕಸರತ್ತು ಮಾಡುವವರು ಮೈ ಖರ್ಚು ಮಾಡುತ್ತಾರೆ. ಎರಡೂ ಒಂದಕ್ಕೊಂದು ಉಲ್ಟಾ.

ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ತೆಗೆಯುವವರನ್ನು ನೋಡಿ. ಕಾಲಿಗೆ ತಳೆ ಅನ್ನುವ ಹಗ್ಗದ ಬಳೆ ಹಾಕಿಕೊಂಡು ಒಂದು ಮರ ಹತ್ತಿದರೆ ಇಳಿಯುವ ಮಾತಿಲ್ಲ. ಮರವನ್ನು ಬಾಗಿಸಿ ಪಕ್ಕದ ಮರ ಹಿಡಿದು ಅಲ್ಲಿಂದಲೇ ದಾಟುತ್ತಾರೆ. ಪ್ರತಿ ಮರಕ್ಕೂ ಇಳಿದು ಹತ್ತಿದರೆ ಮಧ್ಯಾಹ್ನದೊಳಗೆ ಸುಸ್ತು. ಸೊಪ್ಪಿನ ಹೊರೆ ಹೊರುವವರೂ ಹಾಗೇ. ಹೊರೆ ನೆತ್ತಿಯ ಮೇಲೆ ನೆಟ್ಟಗೆ ಕೂತರೆ ಭಾರವನ್ನು ಎಲುಬು ಹೊರುತ್ತದೆ, ಸ್ನಾಯುವಿಗೆ ಅಷ್ಟು ಕೆಲಸ ಇಲ್ಲ. ಹೊಸಬರು ಹೊತ್ತರೆ ಕುತ್ತಿಗೆ ಸೊಟ್ಟ, ಹೆಜ್ಜೆ ಸೊಟ್ಟ, ಹತ್ತು ಮಾರು ಹೋಗುವುದರೊಳಗೆ ಬೆವರು. ವರ್ಷಗಟ್ಟಲೆ ಮಾಡಿದ ಕೆಲಸ ನಮಗೆ ಕಲಿಸುವುದೇ ಇದನ್ನು: ಕಡಿಮೆ ಶ್ರಮದಲ್ಲಿ ಮುಗಿಸುವುದು ಹೇಗೆ ಅಂತ.

ಸ್ನಾಯುವಿಗೆ ಬೇಕಾದದ್ದು ಬೇರೆ. ಅದು ಬೆಳೆಯಬೇಕಾದರೆ ಅಭ್ಯಾಸಕ್ಕಿಂತ ಜಾಸ್ತಿ ಭಾರ ಬೀಳಬೇಕು. ದಣಿವಿನ ಅಂಚಿಗೆ ಹೋಗಬೇಕು. ಆಮೇಲೆ ಅದಕ್ಕೆ ಊಟ, ನಿದ್ದೆ, ಬಿಡುವು ಸಿಗಬೇಕು. ಮುಂದಿನ ವಾರ ಭಾರ ಇನ್ನೊಂದಿಷ್ಟು ಏರಬೇಕು. ತೋಟದ ಕೆಲಸ ಹಾಗೆ ಏರುವುದಿಲ್ಲ. ಕೊಯ್ಲಿನಲ್ಲಿ ಮೈ ಮುರಿಯುವಷ್ಟು ಇರುತ್ತದೆ, ಮಳೆಗಾಲದಲ್ಲಿ ಏನೂ ಇಲ್ಲ. ಮೇಲಾಗಿ ಒಂದೇ ಕಡೆಗೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವರಿಗೆ ಗೊತ್ತು, ಬೆರಳು ಗಟ್ಟಿಯಾಗುತ್ತದೆ, ಬೆನ್ನು ಬಾಗುತ್ತದೆ. ಅತ್ತೆ ಕುಕ್ಕರಗಾಲಲ್ಲಿ ಕೂತು ಏಳುತ್ತಾರೆ ಅಂದೆನಲ್ಲ, ಅದೇ ಅತ್ತೆಗೆ ಅಟ್ಟದ ಮೇಲಿನ ಡಬ್ಬ ಇಳಿಸಿಕೊಡಲು ಯಾರಾದರೂ ಬೇಕು. ಕಾಲು ಉಳಿದಿದೆ, ಹೆಗಲು ಹೋಗಿದೆ. ಬಾವಿ ಸೇದುವ ಕಾಲದಲ್ಲಿ ಅದೂ ಇತ್ತೇನೋ. ಮೋಟರ್ ಬಂದ ಮೇಲೆ ಕೈ ಮೇಲೆತ್ತುವ ಕೆಲಸವೇ ಇಲ್ಲ ನಮ್ಮ ಹೆಂಗಸರಿಗೆ.

ನಿಜ ಹೇಳಬೇಕೆಂದರೆ ನಮ್ಮ ತಲೆಮಾರಿನವರು ತೋಟದ ಕೆಲಸವನ್ನೂ ಅಷ್ಟು ಮಾಡುವುದಿಲ್ಲ. ನೆಲದಲ್ಲೇ ನಿಂತು ದೋಟಿಯಲ್ಲಿ ಕೊನೆ ಇಳಿಸುತ್ತಾರೆ, ಸುಲಿಯಲು ಮೆಷಿನ್ ಬಂದಿದೆ, ಕಳೆಗೆ ಇನ್ನೊಂದು ಮೆಷಿನ್. ನನ್ನ ದಿನದ ಹೆಚ್ಚಿನ ಪಾಲು ಕಂಪ್ಯೂಟರ್ ಮುಂದೆ ಕಳೆಯುತ್ತದೆ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನಕ್ಕೆ ಕರಗಲು ಶುರು. ಸುಮ್ನೆ ಬಿಟ್ಟರೆ ಹತ್ತು ವರ್ಷಕ್ಕೆ ನೂರರಲ್ಲಿ ಮೂರರಿಂದ ಎಂಟು ಪಾಲು ಹೋಗುತ್ತದೆ ಅಂತ ಲೆಕ್ಕ. ಅರವತ್ತರ ಮೇಲೆ ಇನ್ನೂ ಬೇಗ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯೂ ಸವೆಯುತ್ತದೆ. ಮೂಳೆಗೂ ಭಾರ ಬಿದ್ದರೇನೇ ಅದು ಗಟ್ಟಿ ಉಳಿಯುವುದು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು ನಮ್ಮ ಕಡೆ ಪ್ರತಿ ಊರಿನಲ್ಲೂ ಇದ್ದಾರೆ, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ನಡಿಗೆಯ ಜೊತೆಗೆ ಇನ್ನೊಂದು ಮಾತೂ ಇದೆ. ವಾರಕ್ಕೆ ಕಡೇಪಕ್ಷ 2 ದಿನ ಮೈಯ ಎಲ್ಲ ದೊಡ್ಡ ಸ್ನಾಯುಗಳಿಗೂ ಕೆಲಸ ಕೊಡಬೇಕು ಅಂತ. ನಮ್ಮಲ್ಲಿ ವಾಕಿಂಗ್ ಮಾತ್ರ ಎಲ್ಲರ ಬಾಯಲ್ಲಿ. ಆಗುಂಬೆ ಇರುವ ತಾಲ್ಲೂಕಿನಲ್ಲಿ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಆ ಘಟ್ಟದ ಅಂಚಿನಲ್ಲಿ ಕೂತು, ಪುನರ್ವಸು ಮಳೆಯಲ್ಲಿ ವಾಕಿಂಗ್ ಮಾಡಿ ನೋಡಿ. ಕೊಡೆ ಉಲ್ಟಾ, ಕಾಲಿಗೆ ಇಂಬಳ. ಜಿಮ್ ಬೇಕಂದರೆ ತೀರ್ಥಹಳ್ಳಿ ಪೇಟೆಗೆ ಬಸ್ಸಿನ ಟೈಮ್ ನೋಡಿಕೊಂಡು ಹೋಗಬೇಕು. ಶಿವಮೊಗ್ಗದಲ್ಲಿ ಇರುವವರಿಗೆ ಈ ಕಷ್ಟ ಇಲ್ಲ. ಆದರೆ ಅವರಲ್ಲೂ ಎಷ್ಟು ಜನ ದುಡ್ಡು ಕಟ್ಟಿ ಮೂರನೇ ವಾರಕ್ಕೆ ಬಿಟ್ಟಿದ್ದಾರೆ ಅಂತ ನನಗೆ ಗೊತ್ತು.

ಜಿಮ್ ಅನ್ನೋದು ಬರುವ ಮೊದಲು ನಮ್ಮ ನಾಡಿನಲ್ಲಿ ಗರಡಿ ಮನೆ ಇತ್ತು. ಶಿವಮೊಗ್ಗದ ಮಾರಿಕಾಂಬ ಜಾತ್ರೆಗೆ ಈಗಲೂ ಜಂಗಿ ಕುಸ್ತಿ ನಡೆಯುತ್ತದೆ. ಆ ಪೈಲ್ವಾನರ ಸಾಮಿನಲ್ಲಿ ಇದ್ದದ್ದು ಏನು? ದಂಡ (ಈಗಿನವರು ಪುಶ್‌ಅಪ್ ಅನ್ನುವುದು), ಬಸ್ಕಿ, ಗದೆ, ಕಲ್ಲಿನ ಗುಂಡು. ದಂಡಕ್ಕೂ ಬಸ್ಕಿಗೂ ಮೈಭಾರ ಬಿಟ್ಟು ಬೇರೆ ಸಾಮಾನು ಬೇಡ. ನಮ್ಮ ಮೇಷ್ಟರುಗಳು ಬಸ್ಕಿಯನ್ನು ಶಿಕ್ಷೆ ಮಾಡಿಟ್ಟು ಒಳ್ಳೆಯ ಕಸರತ್ತಿನ ಹೆಸರು ಕೆಡಿಸಿದರು, ಅದು ಬೇರೆ ಕತೆ.

ಮನೆಯಲ್ಲಿ ಹಗುರ ಭಾರ ಎತ್ತಿ ಏನು ಪ್ರಯೋಜನ ಅಂತ ಜಿಮ್‌ಗೆ ಹೋಗುವ ಹುಡುಗರು ಕೇಳುತ್ತಾರೆ. ಅದಕ್ಕೆ ಉತ್ತರ ಇದೆ. ಸ್ನಾಯು ದಪ್ಪವಾಗುವ ಮಟ್ಟಿಗೆ ಭಾರ ಹಗುರವಾದರೂ ನಡೆಯುತ್ತದೆ, ಇನ್ನು ಒಂದೆರಡು ಸಲಕ್ಕಿಂತ ಜಾಸ್ತಿ ಆಗುವುದಿಲ್ಲ ಅನ್ನುವ ತನಕ ಹೋಗಬೇಕು, ಅಷ್ಟೇ. ಎತ್ತಬಲ್ಲ ಗರಿಷ್ಠ ಭಾರದ ನೂರಕ್ಕೆ ಮೂವತ್ತು ಪಾಲಿನಷ್ಟು ಹಗುರ ಇಟ್ಟು ದಣಿಯುವ ತನಕ ಮಾಡಿದವರಲ್ಲೂ, ಭಾರೀ ತೂಕ ಎತ್ತಿದವರಲ್ಲೂ ಸ್ನಾಯು ಹೆಚ್ಚುಕಮ್ಮಿ ಒಂದೇ ಥರ ಬೆಳೆದದ್ದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಒಂದೇ ಏಟಿಗೆ ದೊಡ್ಡ ತೂಕ ಎತ್ತುವ ಶಕ್ತಿ ಬೇಕಿದ್ದರೆ ಮಾತ್ರ ದೊಡ್ಡ ತೂಕವೇ ಬೇಕು. ನನಗೆ ಬೇಕಿರುವುದು ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಒಬ್ಬಳೇ ತರುವಷ್ಟು. ಗ್ಯಾಸೇ 14.2 ಕಿಲೋ, ಖಾಲಿ ಸಿಲಿಂಡರ್ ಹೆಚ್ಚುಕಮ್ಮಿ ಇನ್ನೊಂದಷ್ಟು.

ಈಗ ಜಗಲಿ ಕಟ್ಟೆಗೆ ಬರುತ್ತೇನೆ. ನೆಲದ ಮೇಲೆ ದಂಡ ಹೊಡೆಯುವಾಗ ಕೈಗಳ ಮೇಲೆ ಬೀಳುವುದು ಮೈತೂಕದ ಸುಮಾರು ಮೂರನೇ ಎರಡು ಪಾಲು. ಅರವತ್ತು ಕಿಲೋ ತೂಗುವವರಿಗೆ ಹತ್ತಿರ ಹತ್ತಿರ ನಲವತ್ತು ಕಿಲೋ. ಮೊದಲ ದಿನವೇ ಯಾರಾದರೂ ನಲವತ್ತು ಕಿಲೋ ಕೈಗೆ ಕೊಟ್ಟರೆ ಹೊರುತ್ತೀರಾ? ಇಲ್ಲ. ಆದರೆ ನೆಲದ ಮೇಲೆ ಬೋರಲು ಬಿದ್ದು ಒಂದೂ ಆಗಲಿಲ್ಲ ಅಂತ ಬೇಸರ ಪಡುತ್ತೇವೆ. ಮಂಡಿ ಊರಿದರೆ ಭಾರ ಮೈತೂಕದ ಅರ್ಧದಷ್ಟಕ್ಕೆ ಇಳಿಯುತ್ತದೆ. ಕೈ ಎತ್ತರದಲ್ಲಿ ಇದ್ದಷ್ಟೂ ಇನ್ನೂ ಕಡಿಮೆ. ಹಾಗಾಗಿ ಹಳೇ ಮಲೆನಾಡ ಮನೆಯೇ ಏಣಿ. ಮೊದಲು ಗೋಡೆ, ಆಮೇಲೆ ಕಿಟಕಿಯ ದಂಡೆ, ಆಮೇಲೆ ಜಗಲಿ ಕಟ್ಟೆ, ಆಮೇಲೆ ಮೆಟ್ಟಿಲು, ಕೊನೆಗೆ ನೆಲ. ಒಂದು ಎತ್ತರದಲ್ಲಿ ಹದಿನೈದು ಇಪ್ಪತ್ತು ಸಲೀಸಾಗಿ ಆಗುತ್ತಿದೆ ಅಂದರೆ ಕೆಳಗಿನದಕ್ಕೆ ಇಳಿಯಬೇಕು. ನಾನು ಕಟ್ಟೆಯಲ್ಲೇ ತುಂಬ ಕಾಲ ಉಳಿದೆ. ಅವಸರ ಏನಿದೆ?

ಇಳಿಯುವುದನ್ನು ನಿಧಾನ ಮಾಡಿ. ಇದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಕೊಡಚಾದ್ರಿಗೆ ಹೋಗಿ ಬಂದವರನ್ನು ಕೇಳಿ. 1,343 ಮೀಟರ್ ಎತ್ತರದ ಬೆಟ್ಟ, ಹತ್ತುವಾಗ ಏದುಸಿರು ಬರುತ್ತದೆ. ಮರುದಿನ, ಅದರ ಮರುದಿನ ತೊಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಲೂ ಒದ್ದಾಡುವುದು ಮಾತ್ರ ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಬ್ರೇಕ್ ಹಾಕಬೇಕು. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟು ಆಗುವುದು ಆಗಲೇ. ಅದೇ ಗುಟ್ಟನ್ನು ಹಿತಮಿತವಾಗಿ ಬಳಸಬಹುದು. ಬಸ್ಕಿಯಲ್ಲಿ ಕೂರುವಾಗ ಮೂರು ನಾಲ್ಕು ಸೆಕೆಂಡು ತಗೊಳ್ಳಿ, ಏಳುವಾಗ ಮಾಮೂಲಿ ವೇಗ. ಭಾರಕ್ಕೆ ಅಂತ ಎಣ್ಣೆ ಡಬ್ಬ ಎತ್ತಿ ಧೊಪ್ಪನೆ ಬಿಟ್ಟರೆ ಅರ್ಧ ಕೆಲಸ ಬಿಟ್ಟ ಹಾಗೆ. ದಂಡ ಒಂದೂ ಆಗದವರು ಬರೀ ಇಳಿಯುವುದನ್ನೇ ನಿಧಾನಕ್ಕೆ ಮಾಡಿ, ಮಂಡಿ ಊರಿ ಎದ್ದು, ಮತ್ತೆ ಇಳಿಯಲಿ. ಕೆಲವು ವಾರದಲ್ಲಿ ಏಳುವುದೂ ಬರುತ್ತದೆ. ನೋವು ಬಂದರಷ್ಟೇ ಸ್ನಾಯು ಬೆಳೆಯಿತು ಅಂತ ಮಾತ್ರ ತಿಳಿಯಬೇಡಿ. ಒಂದೇ ಕಸರತ್ತನ್ನು ಮತ್ತೆ ಮಾಡಿದಾಗ ನೋವು ಕಡಿಮೆ ಆಗುತ್ತದೆ, ಬೆಳೆಯುವುದು ನಿಲ್ಲುವುದಿಲ್ಲ.

ಮನೆಯ ಕಸರತ್ತಿನಲ್ಲಿ ಎಲ್ಲರೂ ಬಿಟ್ಟುಬಿಡುವುದು ಎಳೆಯುವುದನ್ನು. ತಳ್ಳಲು ನೆಲ ಇದೆ, ಎದ್ದು ಕೂರಲು ಮೈಭಾರ ಇದೆ. ಎಳೆಯಲು ಏನಿದೆ? ಎದೆ ಮಾತ್ರ ಬೆಳೆದು ಬೆನ್ನು ಹಾಗೇ ಉಳಿದರೆ ಹೆಗಲು ಮುಂದಕ್ಕೆ ಬೀಳುತ್ತದೆ. ಲ್ಯಾಪ್‌ಟಾಪ್ ಮುಂದೆ, ಮೆಟ್ಟುಗತ್ತಿ ಮುಂದೆ ಕೂತವರಿಗೆ ಅದು ಮೊದಲೇ ಬಿದ್ದಿರುತ್ತದೆ.

ನಮ್ಮ ಜಗಲಿಯ ತೊಲೆಗೆ ಹಿಂದೆ ತೊಟ್ಟಿಲು ತೂಗಿದ ಕಬ್ಬಿಣದ ಕೊಂಡಿ ಇದೆ. ಅದಕ್ಕೆ ಬಾವಿಯ ಹಳೇ ಹಗ್ಗವನ್ನು ಎರಡು ಎಳೆ ಮಾಡಿ ಕಟ್ಟಿದ್ದೇನೆ. ಎರಡು ತುದಿಗೂ ಗಂಟು ಹಾಕಿ, ಗಂಟಿನ ಮೇಲೆ ಹಳೇ ಲುಂಗಿಯ ಬಟ್ಟೆ ಸುತ್ತಿದೆ, ಅಂಗೈ ಉಜ್ಜಬಾರದು ಅಂತ. ಹಗ್ಗ ಹಿಡಿದು ಹಿಂದಕ್ಕೆ ಒರಗಬೇಕು. ಹಿಮ್ಮಡಿಯಿಂದ ತಲೆಯವರೆಗೆ ಮೈ ನೆಟ್ಟಗೆ ಇರಬೇಕು, ಸೊಂಟ ಜೋತು ಬೀಳಬಾರದು. ಮೊಣಕೈ ಪಕ್ಕೆಗೆ ತಾಗುವ ಹಾಗೆ ಎದೆಯನ್ನು ಹಗ್ಗದ ಕಡೆ ಎಳೆದುಕೊಂಡು, ಹೆಗಲ ಮೂಳೆ ಎರಡನ್ನೂ ಹಿಂದಕ್ಕೆ ಹಿಂಡಿ, ಆಮೇಲೆ ನಿಧಾನಕ್ಕೆ ಬಿಡಬೇಕು. ಕಾಲು ಎಷ್ಟು ಮುಂದೆ ಇಡುತ್ತೀರೋ ಅಷ್ಟು ಕಷ್ಟ. ಒಂದು ಗೇಣು ಮುಂದೆ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ಎಚ್ಚರಿಕೆ. ತೊಲೆಗೆ ವರಲೆ (ಗೆದ್ದಲು) ಹಿಡಿದಿದೆಯಾ ಅಂತ ಮೊದಲು ತಟ್ಟಿ ನೋಡಿ, ಕೊಂಡಿಗೆ ಅಕ್ಕಿ ಮೂಟೆ ನೇತುಹಾಕಿ ಪರೀಕ್ಷೆ ಮಾಡಿ. ಮತ್ತೆ ಮಳೆಗಾಲದಲ್ಲಿ ಕಾವಿ ನೆಲ ಬೆವರುತ್ತದೆ, ಹಿಮ್ಮಡಿ ಜಾರುತ್ತದೆ. ಕೆಳಗೆ ಗೋಣಿಚೀಲ ಹಾಸಿಕೊಳ್ಳಿ.

ಬಾವಿ ರಾಟೆ ಇದ್ದವರಿಗೆ ಇನ್ನೂ ಒಳ್ಳೆಯದು. ಹತ್ತು ಲೀಟರಿನ ಬಕೆಟ್ ಅಂದರೆ ಹತ್ತು ಕಿಲೋ, ಕೈ ಮೇಲೆ ಕೈ ಇಟ್ಟು ಎಳೆದರೆ ಬೆನ್ನಿನ ಅಗಲವಾದ ಸ್ನಾಯು, ಮುಂಗೈ, ಹಿಡಿತ ಎಲ್ಲಕ್ಕೂ ಕೆಲಸ. ತೊಂದರೆ ಏನೆಂದರೆ ಮಳೆಗಾಲದಲ್ಲಿ ನಮ್ಮ ಬಾವಿ ತುಂಬಿ ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಸೇದುವುದಕ್ಕೆ ಹಗ್ಗವೇ ಬೇಡ. ಆಗ ತೊಲೆ, ಬೇಸಿಗೆಯಲ್ಲಿ ಬಾವಿ.

ಕಾಲಿಗೆ ಬಸ್ಕಿ ಸಾಕು ಅನ್ನುವವರು ಬೇಗ ನಿಂತುಬಿಡುತ್ತಾರೆ, ಯಾಕೆಂದರೆ ಎರಡು ಕಾಲಿಗೆ ಮೈಭಾರ ಬೇಗ ಅಭ್ಯಾಸ ಆಗುತ್ತದೆ. ಆಗ ಭಾರವನ್ನು ಒಂದೇ ಕಾಲಿಗೆ ಕೊಡಬೇಕು. ಹಿಂದಿನ ಕಾಲನ್ನು ಮೆಟ್ಟಿಲ ಮೇಲೆ ಇಟ್ಟು ಮುಂದಿನ ಕಾಲಲ್ಲಿ ಕೂತು ಏಳುವುದು. ಮಗನ ಹಳೇ ಶಾಲೆ ಬ್ಯಾಗಿಗೆ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳುತ್ತೇನೆ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇರುವುದರಿಂದ ತೂಕದ ಲೆಕ್ಕಕ್ಕೆ ಮೋಸ ಇಲ್ಲ. ಮೀನಖಂಡಕ್ಕೆ ತುದಿಗಾಲಲ್ಲಿ ನಿಂತು ಹಿಮ್ಮಡಿ ಇಳಿಸುವ ಕಸರತ್ತಿಗೆ ಹೊಸ್ತಿಲು ಹೇಳಿ ಮಾಡಿಸಿದ ಎತ್ತರ. ಆದರೆ ಹೊಸ್ತಿಲ ಮೇಲೆ ನಿಲ್ಲುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ? ಬಚ್ಚಲ ಮೆಟ್ಟಿಲಲ್ಲಿ ಮಾಡುತ್ತೇನೆ. ಗೊಬ್ಬರದ ಚೀಲಕ್ಕೆ ಮಾತ್ರ ಆಸೆಪಟ್ಟು ಕೈ ಹಾಕಬೇಡಿ. ಯೂರಿಯಾ ಚೀಲ 2018ರಿಂದ 50 ಕಿಲೋ ಇದ್ದದ್ದು 45 ಆಗಿದೆ ನಿಜ, ಆದರೂ ಅದು ಕೈಗೆ ಸಿಗುವ ಆಕಾರದಲ್ಲಿಲ್ಲ. ಬೆನ್ನು ಬಾಗಿಸಿ ಎತ್ತಿದರೆ ಸೊಂಟ ಹಿಡಿಯುತ್ತದೆ.

ಉಸಿರು ಬಿಗಿಹಿಡಿಯಬೇಡಿ. ಎತ್ತುವಾಗ ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಒಮ್ಮೆಗೇ ಏರುತ್ತದೆ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಗೆಳತಿಯರು ಕೇಳುವುದು ಬೇರೆ. "ನಂಗೆ ಮಸಲ್ ಬೇಡ ಮಾರಾಯ್ತಿ, ಸ್ವಲ್ಪ ಟೋನ್ ಆದ್ರೆ ಸಾಕು." ತೋಳು ಗಟ್ಟಿ ಕಾಣಬೇಕು, ಹೊಟ್ಟೆ ಇಳಿಯಬೇಕು, ಗಂಡಸಿನ ಥರ ಆಗಬಾರದು. ಅದಕ್ಕೆ ಅಂತ ಬೇರೆ ಕಸರತ್ತು ಇಲ್ಲ. ಒಳಗೆ ಸ್ನಾಯು ಬೆಳೆದು ಮೇಲಿನ ಕೊಬ್ಬು ಸ್ವಲ್ಪ ಕರಗಿದರೆ ಕಾಣುವುದೇ ಆ ಬಿಗಿ. ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದೂ ಸುಳ್ಳು. ಕೊಬ್ಬು ಇಡೀ ಮೈಯಿಂದ ಹೋಗುತ್ತದೆ, ಎಲ್ಲಿಂದ ಮೊದಲು ಅಂತ ನಾವು ಹೇಳಿ ಕಳಿಸಲು ಬರುವುದಿಲ್ಲ. ಗಂಡಸಿನ ಥರ ಆಗುವ ಭಯವಂತೂ ಬರೀ ಸುಮ್ಮನೆ. ನಮ್ಮ ಮೈಯಲ್ಲಿ ಟೆಸ್ಟೋಸ್ಟಿರೋನ್ ಗಂಡಸರಿಗೆ ಇರುವುದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಜಿಮ್ ಹುಡುಗರು ವರ್ಷಗಟ್ಟಲೆ ಬೆವರು ಸುರಿಸಿಯೂ ಆಗದ್ದು ನಮಗೆ ಅಕ್ಕಿ ಬ್ಯಾಗಿನಲ್ಲಿ ಆಗಿಬಿಡುತ್ತದಾ?

ನಿಜವಾದ ಕೊರತೆ ಇರುವುದು ತಟ್ಟೆಯಲ್ಲಿ. ಬೆಳಿಗ್ಗೆ ಕಡುಬು ಇಲ್ಲ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ ತಂಬುಳಿ, ರಾತ್ರಿ ಅನ್ನ ಸಾರು. ರುಚಿಗೆ ಎದುರಿಲ್ಲ. ಪ್ರೊಟೀನ್ ಲೆಕ್ಕ ಹಾಕಿದರೆ ಮಾತ್ರ ಬೇಜಾರು. ನಮ್ಮ ದೇಶದ ಪೌಷ್ಟಿಕತೆಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಅರವತ್ತು ಕಿಲೋದವರಿಗೆ ಸುಮಾರು 50 ಗ್ರಾಂ. ಸ್ನಾಯು ಕಟ್ಟುವವರಿಗೆ ಕಿಲೋಗೆ 1.6 ಗ್ರಾಂವರೆಗೆ ಉಪಯೋಗ ಇದೆ ಅಂತ ಕಂಡಿದೆ, ಅಂದರೆ 95 ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಮ್ಮಿ ಅಷ್ಟೇ. ನೀರು ಮಜ್ಜಿಗೆ ಎಷ್ಟು ಕುಡಿದರೂ ಲೆಕ್ಕಕ್ಕಿಲ್ಲ. ಮೀನು, ಕೋಳಿ ತಿನ್ನುವ ಮನೆಯವರಿಗೆ ಕಷ್ಟ ಕಡಿಮೆ. ನಮ್ಮಂಥವರು ಕಾಳಿಗೇ ಶರಣು.

ಕಾಳು ಅಂದಾಗ ಹುರುಳಿ ವಿಷಯ ಹೇಳಲೇಬೇಕು. ನೂರು ಗ್ರಾಂ ಒಣ ಹುರುಳಿಯಲ್ಲಿ 22 ಗ್ರಾಂ ಹತ್ತಿರ ಪ್ರೊಟೀನ್ ಇದೆ, ಅಕ್ಕಿಯಲ್ಲಿ ಇರುವುದರ ಸುಮಾರು ಮೂರು ಪಟ್ಟು. ನಾವು ಮಾಡುವುದು ಏನು? ಹಂಡೆಯಲ್ಲಿ ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡುತ್ತೇವೆ. ಬೆಂದ ಕಾಳು ಸೀದಾ ಕೊಟ್ಟಿಗೆಗೆ. ಪ್ರೊಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿದಿರುತ್ತದೆ. ತಲೆಮಾರುಗಳಿಂದ ಕಟ್ಟು ನಮಗೆ, ಕಸುವು ಎಮ್ಮೆಗೆ! ಈಗ ನಾನು ಎಮ್ಮೆಯ ಪಾಲಿನಿಂದ ಎರಡು ಸೌಟು ತೆಗೆದು ಕಾಯಿತುರಿ, ಒಣಮೆಣಸು ಹಾಕಿ ಪಲ್ಯ ಮಾಡುತ್ತೇನೆ. ಬೆಳಗಿನ ತಿಂಡಿಗೆ ಮೊಳಕೆ ಹೆಸರುಕಾಳು, ಸಂಜೆ ಒಂದು ಹಿಡಿ ಶೇಂಗಾ. ಸೋಯಾ ಉಂಡೆ ನನಗೆ ಇಷ್ಟ ಇಲ್ಲ, ಆದರೆ ನೂರು ಗ್ರಾಂಗೆ 50 ಗ್ರಾಂ ಪ್ರೊಟೀನ್ ಇರುವ ಬೇರೆ ಅಗ್ಗದ ಪದಾರ್ಥ ಅಂಗಡಿಯಲ್ಲಿ ಇಲ್ಲ. ವಾರಕ್ಕೆ ಒಂದೆರಡು ಸಲ ಪಲಾವಿಗೆ ಹಾಕಿ ನುಂಗುತ್ತೇನೆ. 95 ಗ್ರಾಂ ನನಗೆ ಮುಟ್ಟುವುದಿಲ್ಲ. ಎಪ್ಪತ್ತು ಮುಟ್ಟಿದ ದಿನ ಖುಷಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಈ ಲೆಕ್ಕಕ್ಕೆ ಹೋಗದೆ ಡಾಕ್ಟರ ಮಾತು ಕೇಳಿ.

ಎಷ್ಟು ದಿನಕ್ಕೆ ಕಾಣುತ್ತದೆ ಅಂತ ಕೇಳುವವರಿಗೆ: ಶಕ್ತಿ ಮೊದಲು, ಆಕಾರ ಆಮೇಲೆ. ಮೊದಲ ಕೆಲವು ವಾರ ಏರುವುದು ನರದ ಕೆಲಸ. ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸುವುದನ್ನು ಮೈ ಕಲಿಯುತ್ತದೆ. ಕನ್ನಡಿಯಲ್ಲಿ ಏನಾದರೂ ಕಾಣಬೇಕಾದರೆ ಎರಡು ಮೂರು ತಿಂಗಳು ಬೇಕು. ನನಗೆ ಮೊದಲು ಗೊತ್ತಾದದ್ದು ಕನ್ನಡಿಯಲ್ಲಿ ಅಲ್ಲ, ರವಿಕೆಯ ತೋಳು ಬಿಗಿಯಾದಾಗ. ದರ್ಜಿಯವಳು ದಪ್ಪ ಆಗಿದೀರಿ ಅಂದಳು. ಹೌದು ಅಂದೆ.

ದಿನಾ ಮಾಡುವುದು ಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು, ಪ್ರತಿ ಸ್ನಾಯುವಿಗೆ ವಾರಕ್ಕೆ ಒಟ್ಟು ಹತ್ತು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು ಅಂದರೆ ಒಂದು ಸೆಟ್) ಆಸುಪಾಸು ಸಿಕ್ಕರೆ ನಮ್ಮಂಥವರಿಗೆ ಸಾಕು. ಅರ್ಧ ಗಂಟೆ, ನಲವತ್ತು ನಿಮಿಷದ ಕೆಲಸ. ಮಳೆಗಾಲ ಇದಕ್ಕೆ ಒಳ್ಳೆಯ ಸೀಸನ್. ಹೊರಗೆ ಹೋಗುವಂತಿಲ್ಲ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಜಗಲಿ ಖಾಲಿ.

ಕಷ್ಟ ಬರುವುದು ಅಡಿಕೆ ಕೊಯ್ಲಿನಲ್ಲಿ. ಬೇಯಿಸುವುದು, ಒಣಗಿಸುವುದು, ಬಂದವರಿಗೆಲ್ಲ ಊಟ ತಿಂಡಿ. ಆಗ ಜಗಲಿ ತುಂಬ ಅಡಿಕೆ, ಹಗ್ಗದ ಕೆಳಗೇ ಸುಲಿಯುವವರು ಕೂತಿರುತ್ತಾರೆ. ಸ್ನಾಯು ಕಟ್ಟಲು ಬೇಕಾದಷ್ಟು ಶ್ರಮ ಅದನ್ನು ಉಳಿಸಿಕೊಳ್ಳಲು ಬೇಡ ಅನ್ನುವುದೇ ಇಲ್ಲಿ ಸಮಾಧಾನ. ಸೆಟ್‌ಗಳನ್ನು ಮೂರನೇ ಒಂದು ಪಾಲಿಗೆ ಇಳಿಸಿದರೂ, ಭಾರ ಮಾತ್ರ ಇಳಿಸದಿದ್ದರೆ, ಸ್ನಾಯು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ವಯಸ್ಸಾದವರಿಗೆ ಸ್ವಲ್ಪ ಜಾಸ್ತಿ ಬೇಕು. ಹಾಗಾಗಿ ಕೊಯ್ಲು ಮುಗಿಯುವ ತನಕ ನನ್ನದು ವಾರಕ್ಕೆ ಒಂದೇ ದಿನ. ಸುಲಿಯುವವರು ಊಟಕ್ಕೆ ಎದ್ದಾಗ ಹಗ್ಗ, ಹಿಂದಿನ ಮೆಟ್ಟಿಲಲ್ಲಿ ಬ್ಯಾಗ್ ಹೊತ್ತು ಒಂಟಿಕಾಲಿನ ಬಸ್ಕಿ, ಕಟ್ಟೆಯಲ್ಲಿ ಒಂದಿಷ್ಟು ದಂಡ. ಸುಲಿಯಲು ಬರುವವರಲ್ಲಿ ಇಬ್ಬರು ಈಗ ಊಟ ಬೇಗ ಮುಗಿಸಿ ಬಂದು ಹಗ್ಗ ಹಿಡಿಯುತ್ತಾರೆ. ಬೆನ್ನು ಸಡಿಲ ಆಗುತ್ತದೆ ಅಂತಾರೆ. ಅವರ ಹಿಡಿತ ನನಗಿಂತ ಎಷ್ಟೋ ಗಟ್ಟಿ, ಕಾಲನ್ನು ನನಗಿಂತ ಎರಡು ಗೇಣು ಮುಂದೆ ಇಟ್ಟು ಎಳೆಯುತ್ತಾರೆ.